ಮದ್ರಾಸಜ್ಜಿಯ ಕಾಗದ

ಚೆನ್ನೈ ಹೈಕೋರ್ಟಿನ ಕೆಂಪು ಕಟ್ಟಡವನ್ನು ಬಸ್ಸಿನ ಕಿಟಕಿಯಿಂದ ನಾನು ಸಾವಿರ ಸಲವಾದರೂ ನೋಡಿದ್ದೇನೆ. 1987ರಲ್ಲಿ ಬ್ಯಾಂಕಿನ ಕೆಲಸಕ್ಕೆ ಅಂತ ಈ ಊರಿಗೆ ಬಂದವಳು ನಾನು. ಮೊದಲ ಆರು ವರ್ಷ ನನ್ನ ಶಾಖೆ ಇದ್ದದ್ದು ಪ್ಯಾರೀಸ್ ಕಾರ್ನರಿನ ಹತ್ತಿರ, ಅಂದರೆ ಕೋರ್ಟಿನ ಎದುರಿಗೇ. ಆದರೂ ಗೇಟು ದಾಟಿ ಒಳಗೆ ಹೋದದ್ದು 2024ರಲ್ಲಿ, ಅದೂ ಅಕ್ಕನ ಮಗಳ ಕೈ ಹಿಡಿದುಕೊಂಡು. ಊರಿನ ಹೆಸರು 1996ರಲ್ಲಿ ಚೆನ್ನೈ ಅಂತ ಬದಲಾದರೂ ಕೋರ್ಟಿನ ಹೆಸರು ಇವತ್ತಿಗೂ ಮದ್ರಾಸ್ ಹೈಕೋರ್ಟು. ಆ ಆವರಣದೊಳಗೇ ಒಂದು ಕಡೆ ಕುಟುಂಬ ನ್ಯಾಯಾಲಯ ಉಂಟು. ಅಲ್ಲಿನ ಬೆಂಚಿನ ಮೇಲೆ ಕೂತು ಸುತ್ತ ನೋಡಿದೆ. ಕರಿಕೋಟಿನವರನ್ನು ಬಿಟ್ಟರೆ ಉಳಿದವರಲ್ಲಿ ಹೆಚ್ಚಿನವರು ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು. ಕಾಲೇಜಿನ ಅಡ್ಮಿಷನ್ನಿಗೆ ಬಂದ ಹಾಗೆ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಜೊತೆಗೆ ಮುಖ ಎತ್ತದೆ ಕೂತ ಅಪ್ಪ ಅಮ್ಮಂದಿರು.

ನಮ್ಮ ಹುಡುಗಿಗೆ ಮದುವೆಯಾದಾಗ ಇಪ್ಪತ್ತೊಂದು, ಅವನಿಗೆ ಇಪ್ಪತ್ತಮೂರು. ಇಬ್ಬರೂ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಹುಡುಗ ತಮಿಳಿನವನು, ಒಳ್ಳೆಯವನು, ಈಗಲೂ ಹಾಗೇ ಹೇಳುತ್ತೇನೆ. 2022ರ ಫೆಬ್ರವರಿಯಲ್ಲಿ ಮದುವೆ. ಆ ವರ್ಷದ ದೀಪಾವಳಿಗೆ ಅವಳು ಒಂದು ಸೂಟ್‌ಕೇಸು ಹಿಡಿದು ನಮ್ಮನೆ ಬಾಗಿಲಿಗೆ ಬಂದು ನಿಂತಿದ್ದಳು. ಹೊಡೆದಾಟವಿಲ್ಲ, ಕುಡಿತವಿಲ್ಲ, ವರದಕ್ಷಿಣೆಯ ಮಾತಿಲ್ಲ. "ಚಿಕ್ಕಮ್ಮ, ನಾವಿಬ್ಬರೂ ಇನ್ನೂ ಮದುವೆ ಆಗುವಷ್ಟು ದೊಡ್ಡವರಾಗಿರಲಿಲ್ಲ" ಅಂದಳು, ಅಷ್ಟೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಗೆ ಮೊದಲು ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. 2017ರಲ್ಲಿ ಸುಪ್ರೀಂ ಕೋರ್ಟು ಈ ಆರು ತಿಂಗಳನ್ನು ಕೋರ್ಟು ಬೇಕಾದರೆ ಬಿಟ್ಟುಬಿಡಬಹುದು ಅಂತ ಹೇಳಿದೆ. ಆದರೆ ಇವರಿಬ್ಬರೂ ಕಾದರು. ನಾನು ಜೊತೆಗೆ ಹೋದದ್ದು ಕೊನೆಯ ಸಲದ ಹಾಜರಿಗೆ.

ಈ ಮದುವೆಯನ್ನು ಅವಸರದಲ್ಲಿ ಮಾಡಿಸಿದ್ದು ಯಾರು ಅಂತ ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ. ಬೆಸೆಂಟ್ ನಗರದ ಬೀಚಿನಲ್ಲಿ ಇವರಿಬ್ಬರೂ ಜೋಳ ತಿನ್ನುತ್ತಾ ಕೂತದ್ದನ್ನು ಕಂಡು ಊರಿಗೆ ಫೋನ್ ಮಾಡಿದವಳು ನಾನೇ. ಅಕ್ಕ, ಭಾವ ಎರಡೇ ದಿನದಲ್ಲಿ ಬಂದಿಳಿದರು. "ಒಟ್ಟಿಗೆ ತಿರುಗುವುದಾದರೆ ಮದುವೆಯಾಗಿ ತಿರುಗಲಿ" ಅಂತ ಭಾವ ಹೇಳಿದಾಗ ಹೌದು ಅಂದವಳೂ ನಾನೇ. ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು ಅವಳಿಗೆ. "ಎರಡು ವರ್ಷ ಬಿಡಿ" ಅಂತ ಅವಳು ಹೇಳಿದ್ದನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋರ್ಟಿನಿಂದ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಆ ಕಡೆ ಅಳು. ಅಳುವಿನ ನಡುವೆ ಒಂದೇ ಮಾತು: "ನಮ್ಮ ವಂಶದಲ್ಲೇ ಇಲ್ಲದ್ದು ಮಾರಾಯ್ತಿ. ಏಳು ತಲೆಮಾರಿನಲ್ಲಿ ಯಾರೂ ಮಾಡದ್ದು."

ನಾನು ಸುಮ್ಮನಿದ್ದೆ. ಯಾಕೆಂದರೆ ನಮ್ಮ ವಂಶದಲ್ಲಿ ಅದು ಇತ್ತು. ಇದೇ ಊರಿನಲ್ಲಿ, 1951ರಲ್ಲಿ. ಅದರ ಕಾಗದ ನನ್ನ ಬೀರುವಿನಲ್ಲಿ, ಎಲ್‌ಐಸಿ ಪಾಲಿಸಿಗಳ ಕೆಳಗೆ ಇತ್ತು.

ಅಜ್ಜನ ತಂಗಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಮದ್ರಾಸಜ್ಜಿ ಅಂತಲೇ ಕರೆಯುತ್ತಿದ್ದರು. ಅಜ್ಜ ಇಲ್ಲಿ ಬ್ರಾಡ್‌ವೇ ಕಡೆಯ ಉಡುಪಿ ಹೋಟೆಲೊಂದರಲ್ಲಿ ರೈಟರಾಗಿದ್ದರು, ಅಂದರೆ ಲೆಕ್ಕ ಬರೆಯುವವರು. ಮನೆ ತಿರುವಲ್ಲಿಕ್ಕೇಣಿಯಲ್ಲಿ, ಪಾರ್ಥಸಾರಥಿ ದೇವಸ್ಥಾನದ ಹಿಂದಿನ ಬೀದಿ. ಅಜ್ಜ ವಯಸ್ಸಾಗಿ ಊರಿಗೆ ಮರಳಿದ ಮೇಲೂ ಅಜ್ಜಿ ಅಲ್ಲೇ ಉಳಿದಳು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡಿ ಮಾರಿ ಬದುಕಿದಳು. ಬ್ಯಾಂಕಿನ ಕೆಲಸ ಸಿಕ್ಕಾಗ ನಾನು ಬಂದಿಳಿದದ್ದು ಅವಳ ಮನೆಗೇ. ಮೊದಲ ಎರಡು ವರ್ಷ ಅವಳ ಕೈಯಡುಗೆ ಉಂಡಿದ್ದೇನೆ. ಊರಿನಲ್ಲಿ ಅವಳ ಬಗ್ಗೆ ಇದ್ದ ಕತೆ ಇಷ್ಟು: ಗಂಡ ಕಾಶಿಗೆ ಹೋದವನು ಬರಲಿಲ್ಲ, ಪಾಪ.

ಅವಳ ಮದುವೆ ನಡೆದದ್ದು 1931ರಲ್ಲಿ, ಅವಳಿಗೆ ಒಂಬತ್ತು ವರ್ಷ. ಹುಡುಗನಿಗೆ ಹದಿನಾರು. ನಮ್ಮ ಊರು ಉಡುಪಿಯ ಸೀಮೆ. ಆದರೆ ಮದುವೆ ನಡೆದದ್ದು ಘಟ್ಟದ ಮೇಲೆ, ತೀರ್ಥಹಳ್ಳಿಯ ಹತ್ತಿರದ ನೆಂಟರ ಮನೆಯಲ್ಲಿ. "ಯಾಕಜ್ಜಿ ಅಷ್ಟು ದೂರ?" ಅಂತ ಕೇಳಿದ್ದಕ್ಕೆ, "ಶಾರದಾ ಕಾಯ್ದೆ ಬಂದಿತ್ತಲ್ಲ. ಶೃಂಗೇರಿ ಶಾರದೆ ಏನೋ ಅಪ್ಪಣೆ ಮಾಡಿದ್ದಾಳೆ, ಅದಕ್ಕೇ ಆ ಕಡೆ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ನಾನು ನಂಬಿದ್ದೆ" ಅಂದಿದ್ದಳು. ನಗು ಬರುತ್ತದೆ. ಆದರೆ ಅದರ ಹಿಂದಿನ ಇತಿಹಾಸ ನಗುವಂಥದ್ದಲ್ಲ.

ಶಾರದಾ ಕಾಯ್ದೆ ಅಂತ ನಾವು ಕರೆಯುವುದು ಅಜ್ಮೀರಿನ ಹರಬಿಲಾಸ ಸಾರ್ದಾ ಅವರ ಹೆಸರಿನಿಂದ. ಬಾಲ್ಯವಿವಾಹ ನಿರ್ಬಂಧ ಕಾಯ್ದೆ 1929ರಲ್ಲಿ ಪಾಸಾಗಿ, 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ತುಂಬಬೇಕು. ತಪ್ಪಿದರೆ ಮದುವೆ ಮಾಡಿಸಿದವರಿಗೆ ಒಂದು ತಿಂಗಳವರೆಗೆ ಸಾದಾ ಸಜೆ, ಸಾವಿರ ರೂಪಾಯಿವರೆಗೆ ದಂಡ. ಕಾಯ್ದೆ ಜಾರಿಗೆ ಬರುವ ಮೊದಲಿನ ಕೆಲವು ತಿಂಗಳಲ್ಲಿ ದೇಶದ ತುಂಬ ಮಕ್ಕಳ ಮದುವೆಗಳ ಮಳೆಯೇ ಸುರಿಯಿತು. 1931ರ ಜನಗಣತಿಯಲ್ಲಿ ಹದಿನೈದರೊಳಗಿನ ಹೆಂಡತಿಯರ ಸಂಖ್ಯೆ ಕಡಿಮೆಯಾಗುವ ಬದಲು ಏರಿತ್ತು. ಕಾಯ್ದೆಗೆ ಹಲ್ಲೂ ಅಷ್ಟಕ್ಕಷ್ಟೆ. ಯಾರಾದರೂ ದೂರು ಕೊಟ್ಟರೆ ಮಾತ್ರ ಕೇಸು, ಅದೂ ಒಂದು ವರ್ಷದೊಳಗೆ. ದೂರು ಕೊಡುವವನು ನೂರು ರೂಪಾಯಿವರೆಗೆ ಮುಚ್ಚಳಿಕೆ ಬರೆದುಕೊಡಬೇಕು. ನೆರೆಮನೆಯ ಮದುವೆಯ ಮೇಲೆ ನೂರು ರೂಪಾಯಿ ಹೂಡುವ ಶೂರ 1930ರಲ್ಲಿ ಯಾವ ಊರಿನಲ್ಲಿ ಸಿಗುತ್ತಿದ್ದ? ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಹಿರಿಯರಿಗೆ ಶಿಕ್ಷೆಯಾದರೂ ಮದುವೆ ಮಾತ್ರ ಊರ್ಜಿತವೇ. ಮಗು ಹೆಂಡತಿಯಾಗಿಯೇ ಉಳಿಯುತ್ತಿತ್ತು.

ನಮ್ಮ ಮುತ್ತಜ್ಜ ಅಂಜುಬುರುಕ, ದಂಡಕ್ಕೂ ಹೆದರಿದ. ಕಾಯ್ದೆ ಇದ್ದದ್ದು ಬ್ರಿಟಿಷ್ ಇಂಡಿಯಾಕ್ಕೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿತ್ತು, ಆದ್ದರಿಂದ ನಮಗೆ ಅದು ಲಾಗೂ. ಆಗುಂಬೆ ಘಾಟಿ ಹತ್ತಿದರೆ ಮೈಸೂರು ಸಂಸ್ಥಾನ. ಅಲ್ಲಿ ಬೇರೆ ಕಾನೂನು, ಹಾಗೆ ನೋಡಿದರೆ ಬಹಳ ಹಿಂದೆಯೇ ಬಂದ ಕಾನೂನು. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಶಿಶುವಿವಾಹ ತಡೆಯುವ ರೆಗ್ಯುಲೇಷನ್ ಮಾಡಿತ್ತು. ಎಂಟು ತುಂಬದ ಹುಡುಗಿಯ ಮದುವೆ ಮಾಡುವುದು ಅಪರಾಧ. ಐವತ್ತು ದಾಟಿದವನು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳುವುದೂ ಅಪರಾಧ. ಆ ಕಾಲಕ್ಕೆ ಅದು ಧೈರ್ಯದ ಕೆಲಸ, ಮೈಸೂರಿನವರು ಹೆಮ್ಮೆಪಡಬೇಕಾದದ್ದು. ಆದರೆ 1931ರ ಹೊತ್ತಿಗೆ ಕೆಳಗೆ ಹದಿನಾಲ್ಕು, ಮೇಲೆ ಎಂಟು. ಒಂಬತ್ತು ವರ್ಷದ ಹುಡುಗಿಯನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಘಟ್ಟ ಹತ್ತಿಸಿದರೆ ಎರಡೂ ಕಾನೂನುಗಳ ನಡುವಿನ ಸಂದಿಯಲ್ಲಿ ತೂರಿಕೊಳ್ಳಬಹುದು ಅಂತ ಮುತ್ತಜ್ಜನಿಗೆ ಯಾರೋ ಹೇಳಿದ್ದರು. ತೂರಿದರು.

ಅವಳು ದೊಡ್ಡವಳಾದ ಮೇಲೆ ಪ್ರಸ್ತ ಆಯಿತು. ಗಂಡನಿಗೆ ಅಜ್ಜನೇ ಮದ್ರಾಸಿನ ಹೋಟೆಲಿನಲ್ಲಿ ಕೆಲಸ ಕೊಡಿಸಿದರು. 1938ರಲ್ಲಿ ಅವಳೂ ಮದ್ರಾಸಿಗೆ ಬಂದಳು. ನಾಲ್ಕು ವರ್ಷ ಸಂಸಾರ. ಒಂದು ಮಗು ಹುಟ್ಟಿ ಹೋಯಿತು. 1942ರ ಏಪ್ರಿಲಿನಲ್ಲಿ ಜಪಾನಿನವರು ಬಾಂಬು ಹಾಕುತ್ತಾರೆ ಅಂತ ಮದ್ರಾಸು ಖಾಲಿಯಾಯಿತು. ಎಗ್ಮೋರು, ಸೆಂಟ್ರಲ್ ಸ್ಟೇಷನ್ನುಗಳಲ್ಲಿ ಜನ ಕಿಟಕಿಯಿಂದ ಒಳಗೆ ತೂರುತ್ತಿದ್ದರಂತೆ. ಗಂಡ ಅವಳನ್ನು ಅಣ್ಣನ ಸಂಸಾರದ ಜೊತೆ ಮಂಗಳೂರಿನ ರೈಲು ಹತ್ತಿಸಿದ. ತಾನು ಬೊಂಬಾಯಿ ಕಡೆಗೆ ಹೋಗಿ, ಗಲಾಟೆ ಮುಗಿದ ಮೇಲೆ ಬರುತ್ತೇನೆ ಅಂದ. ಗಲಾಟೆ ಮುಗಿಯಿತು, ಅಣ್ಣ ಮದ್ರಾಸಿಗೆ ಮರಳಿದರು, ತಂಗಿಯೂ ಮರಳಿದಳು. ಅವನು ಬರಲಿಲ್ಲ. ಬೊಂಬಾಯಿಯಲ್ಲಿ ಅವನಿಗೆ ಬೇರೆ ಸಂಸಾರ ಆಗಿದೆ ಅಂತ ಹೋಟೆಲಿನ ಹುಡುಗರ ಬಾಯಿಂದ ಸುದ್ದಿ ಬಂತು.

ಇಲ್ಲಿ ಮದ್ರಾಸಿನ ಬಗ್ಗೆ ಒಂದು ಮಾತು ಹೇಳಬೇಕು. ಚಿಕ್ಕಂದಿನಲ್ಲಿ ಮದುವೆಯಾಗಿ ಬದುಕು ಕಳೆದುಕೊಂಡ ಹೆಣ್ಣುಮಕ್ಕಳಿಗೆ ದಾರಿ ತೋರಿಸಿದ ಊರು ಇದು. ನಾನು ಸಂಜೆ ವಾಕಿಂಗ್ ಹೋಗುವ ಮರೀನಾ ರಸ್ತೆಯಲ್ಲೇ ಅದರ ಗುರುತುಗಳಿವೆ. ಅಮೆರಿಕದಿಂದ ಹಡಗಿನಲ್ಲಿ ತಂದ ಮಂಜುಗಡ್ಡೆ ಇಡಲು ಕಟ್ಟಿದ ಐಸ್‌ಹೌಸ್‌ಗೆ ಈಗ ವಿವೇಕಾನಂದರ ಹೆಸರಿದೆ. ಬಾಲವಿಧವೆಯಾಗಿ, 1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದ ಸಿಸ್ಟರ್ ಸುಬ್ಬಲಕ್ಷ್ಮಿ ತಮ್ಮಂಥ ಹುಡುಗಿಯರನ್ನು ಇಟ್ಟುಕೊಂಡು ಓದಿಸಿದ್ದು ಆ ಕಟ್ಟಡದಲ್ಲಿ. ಅದೇ ರಸ್ತೆಯಲ್ಲಿ ಕ್ವೀನ್ ಮೇರೀಸ್ ಕಾಲೇಜು, 1914ರಲ್ಲಿ ಶುರುವಾದದ್ದು. ಅದರ ಮುಂದೆ ಹೋಗುವಾಗ ನನಗೆ ನಮ್ಮ ಮಂಗಳೂರಿನ ಕಮಲಾದೇವಿಯ ನೆನಪಾಗುತ್ತದೆ.

ಕಮಲಾದೇವಿ ಚಟ್ಟೋಪಾಧ್ಯಾಯ ಅಂದರೆ ನಮಗೆ ಕೈಮಗ್ಗ, ಕರಕುಶಲ, ಉಪ್ಪಿನ ಸತ್ಯಾಗ್ರಹ. ಅವರ ಮೊದಲಿನ ಕತೆ ಎಷ್ಟು ಜನಕ್ಕೆ ಗೊತ್ತು? 1903ರಲ್ಲಿ ಮಂಗಳೂರಿನ ಸಾರಸ್ವತ ಮನೆಯಲ್ಲಿ ಹುಟ್ಟಿದವರು. 1917ರಲ್ಲಿ, ಹದಿನಾಲ್ಕಕ್ಕೆ ಮದುವೆ. ಎರಡು ವರ್ಷದೊಳಗೆ ಗಂಡ ತೀರಿಕೊಂಡ. ಮದ್ರಾಸಿಗೆ ಬಂದು ಕ್ವೀನ್ ಮೇರೀಸ್ ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಅವಳ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯ, ಕೆಲವೇ ವರ್ಷದಲ್ಲಿ ಮದುವೆ. ವಿಧವೆ ಮರುಮದುವೆಯಾದಳು, ಅದೂ ಬಂಗಾಳಿಯನ್ನು ಅಂತ ಊರೆಲ್ಲ ಹುಯಿಲು. 1926ರಲ್ಲಿ ಮಂಗಳೂರಿನಿಂದ ಮದ್ರಾಸ್ ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತರು. ಮರುವರ್ಷ ಹುಟ್ಟಿದ ಅಖಿಲ ಭಾರತ ಮಹಿಳಾ ಪರಿಷತ್ತಿಗೆ ಕಾರ್ಯದರ್ಶಿಯಾಗಿ ದುಡಿದರು. ಮದುವೆಯ ವಯಸ್ಸು ಏರಿಸಬೇಕು ಅಂತ ಪಟ್ಟು ಹಿಡಿದದ್ದು ಅದೇ ಪರಿಷತ್ತು. ಆಮೇಲೆ ಹರೀಂದ್ರನಾಥರ ಜೊತೆಗೂ ಹೊಂದಲಿಲ್ಲ, ಕಾನೂನಿನ ಮೂಲಕವೇ ಬೇರೆಯಾದರು. ಬಾಲ್ಯವಿವಾಹ, ವೈಧವ್ಯ, ಮರುಮದುವೆ, ವಿಚ್ಛೇದನ, ನಾಲ್ಕನ್ನೂ ಒಂದೇ ಜನ್ಮದಲ್ಲಿ ಕಂಡ ಹೆಂಗಸು, ಅದರ ಬಗ್ಗೆ ಅಳುತ್ತಾ ಕೂರದೆ 1988ರವರೆಗೆ ಬಾಳಿದರು.

ಆದರೆ ಅವರು ಕಮಲಾದೇವಿ. ಓದು, ಭಾಷೆ, ಗೆಳೆಯರು ಎಲ್ಲ ಇದ್ದವರು. ಮೂರನೇ ಕ್ಲಾಸು ಓದಿದ ಮದ್ರಾಸಜ್ಜಿಗೆ ಏನಿತ್ತು? ಸುಧಾರಕರ ಕರುಣೆಯಾದರೂ ವಿಧವೆಯರ ಕಡೆಗೆ. ಗಂಡ ಸತ್ತರೆ ಆಶ್ರಮ, ಗಂಡ ಬಿಟ್ಟರೆ ಅಣ್ಣನ ಅಡುಗೆಮನೆ. ಗಂಡ ಎಲ್ಲೋ ಇದ್ದಾನೆ ಅಂದಮೇಲೆ ಅವಳು ಮುತ್ತೈದೆ. ಬಿಟ್ಟುಹೋದ ಗಂಡನಿಂದ ಬಿಡುಗಡೆ ಪಡೆಯುವುದಕ್ಕೆ ಮೇಲುಜಾತಿಯ ಹಿಂದೂ ಹೆಂಗಸಿಗೆ ಕಾನೂನೇ ಇರಲಿಲ್ಲ.

ಮೇಲುಜಾತಿ ಅಂತ ಬೇಕೆಂದೇ ಹೇಳಿದೆ. ಉಳಿದವರಲ್ಲಿ ಇದು ಹೊಸದೇನೂ ಅಲ್ಲ. ಎಗ್ಮೋರಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಹೊರತಂದ. ಅದರ ಪುಟ ತಿರುವಿದರೆ ಜಾತಿಯಿಂದ ಜಾತಿಗೆ, ಇವರಲ್ಲಿ ಬಿಡುವುದುಂಟು, ಇವರಲ್ಲಿ ಮತ್ತೆ ಕಟ್ಟಿಕೊಳ್ಳುವುದುಂಟು ಅಂತ ಬರೆದದ್ದು ಸಿಗುತ್ತದೆ. ನಮ್ಮ ಕರಾವಳಿಯ ಅಳಿಯಸಂತಾನದವರಲ್ಲಿ ಹೆಣ್ಣು ಒಲ್ಲದ ಗಂಡನನ್ನು ಬಿಡುವುದು ಲೋಕ ಮುಳುಗುವ ಸಂಗತಿಯಾಗಿರಲಿಲ್ಲ. ಬಯಲುಸೀಮೆಯಲ್ಲಿ ಉಡಿಕೆ, ಕೂಡಿಕೆ. ಧಾರವಾಡದ ಕಡೆ ಸೋಡಚೀಟಿ. ಇಷ್ಟೆಲ್ಲ ಶಬ್ದಗಳು ಒಂದು ಭಾಷೆಯಲ್ಲಿ ಸುಮ್ಮನೆ ಇರುತ್ತವೆಯೇ? ಅಂದಹಾಗೆ ತಮಿಳಿನಲ್ಲಿ ವಿಚ್ಛೇದನಕ್ಕೆ 'ವಿವಾಗರತ್ತು' ಅನ್ನುತ್ತಾರೆ. 'ರತ್ತು' ಅಂದರೆ ನಮ್ಮ ರದ್ದೇ. ವಿವಾಹ ರದ್ದು. ರೈಲು ಟಿಕೇಟಿನ ಹಾಗೆ. ಡೈವೋರ್ಸ್ ಅಂದ ತಕ್ಷಣ ಬೆಂಗಳೂರಿನ, ಚೆನ್ನೈಯ ಐಟಿ ಹುಡುಗಿಯರ ಸೊಕ್ಕು ಅನ್ನುವವರು ತಮ್ಮ ಊರಿನ ಹಳೆಯ ಶಬ್ದಗಳನ್ನು ಒಮ್ಮೆ ಕೇಳಿಕೊಳ್ಳಬೇಕು.

ಈಗ 1949ಕ್ಕೆ ಬರುತ್ತೇನೆ. ಇದು ನಮ್ಮಲ್ಲಿ ಯಾರೂ ನೆನಪಿಡದ ಕಾಯ್ದೆ. ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಬಂತು, ಅದರಿಂದ ಹಿಂದೂಗಳಿಗೆ ವಿಚ್ಛೇದನ ಬಂತು ಅಂತ ಎಲ್ಲರೂ ಹೇಳುತ್ತಾರೆ. ದೇಶಕ್ಕೆಲ್ಲ ಬಂದದ್ದು ಆಗ, ನಿಜ. ಆದರೆ ಅದಕ್ಕಿಂತ ಆರು ವರ್ಷ ಮೊದಲೇ ಮದ್ರಾಸಿನ ಶಾಸನಸಭೆ ಒಂದು ಕಾಯ್ದೆ ಮಾಡಿತ್ತು. ಅದರ ಹೆಸರೇ ಎಲ್ಲವನ್ನೂ ಹೇಳುತ್ತದೆ: ಮದ್ರಾಸ್ ಹಿಂದೂ ದ್ವಿಪತ್ನಿತ್ವ ತಡೆ ಮತ್ತು ವಿಚ್ಛೇದನ ಕಾಯ್ದೆ. ಗಂಡಸು ಎರಡನೆಯವಳನ್ನು ಕಟ್ಟಿಕೊಳ್ಳುವ ಹಾಗಿಲ್ಲ, ಹೆಂಗಸು ಮೊದಲನೆಯವನಿಗೆ ಕಟ್ಟುಬಿದ್ದೇ ಇರಬೇಕಾಗಿಲ್ಲ. ಬೊಂಬಾಯಿ ಪ್ರಾಂತ ಇನ್ನೂ ಎರಡು ವರ್ಷ ಹಿಂದೆ, 1947ರಲ್ಲೇ ಹಿಂದೂ ವಿಚ್ಛೇದನ ಕಾಯ್ದೆ ಮಾಡಿತ್ತು.

ಕರ್ನಾಟಕದ ನಕಾಶೆ ಮುಂದಿಟ್ಟುಕೊಂಡು ಇದನ್ನು ನೋಡಿ. 1950ರಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಹಿಂದೂ ಹೆಂಗಸಿಗೆ ಬೊಂಬಾಯಿಯ ಕಾಯ್ದೆಯಿಂದ ಬಿಡುಗಡೆಯ ದಾರಿ ಇತ್ತು. ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲದವರಿಗೆ ಮದ್ರಾಸಿನ ಕಾಯ್ದೆ. ಎರಡಕ್ಕೂ ನಡುವಿನ ಮೈಸೂರು ಸಂಸ್ಥಾನ 1894ರಲ್ಲಿ ಎಲ್ಲರಿಗಿಂತ ಮುಂದಿತ್ತು, 1933ರಲ್ಲಿ ಹಿಂದೂ ಹೆಂಗಸರಿಗೆ ಆಸ್ತಿಯ ಹಕ್ಕು ಕೊಡುವ ಕಾನೂನನ್ನೂ ಮಾಡಿತ್ತು. ಆದರೆ ವಿಚ್ಛೇದನದ ವಿಷಯದಲ್ಲಿ ಅಲ್ಲಿನ ಹಿಂದೂ ಹೆಂಗಸು, ಜಾತಿಯ ರೂಢಿ ಇಲ್ಲದಿದ್ದರೆ, 1955ರವರೆಗೆ ಕಾಯಬೇಕಾಯಿತು. ಅಂದರೆ ಮದ್ರಾಸಜ್ಜಿಯನ್ನು ಮದುವೆ ಮಾಡಲು ಘಟ್ಟ ಹತ್ತಿಸಿದರಲ್ಲ, ಅವಳು ಆ ಘಟ್ಟದ ಮೇಲೇ ಉಳಿದಿದ್ದರೆ ಬಿಡುಗಡೆ ಇನ್ನೂ ದೂರವಾಗುತ್ತಿತ್ತು.

ಅವಳಿಗೆ ಕಾಯ್ದೆಯ ಸುದ್ದಿ ಹೇಗೆ ತಿಳಿಯಿತು? ಹೋಟೆಲಿನಿಂದಲೇ. ಮಧ್ಯಾಹ್ನ ಹೈಕೋರ್ಟಿನ ವಕೀಲರು ಟಿಫಿನ್ನಿಗೆ ಬರುತ್ತಿದ್ದರು. ಅವರಲ್ಲೊಬ್ಬರು ಗಲ್ಲಾದ ಹತ್ತಿರ ನಿಂತು ಯಾರಿಗೋ ಹೊಸ ಕಾನೂನಿನ ಬಗ್ಗೆ ಹೇಳುತ್ತಿದ್ದದ್ದು ಅಜ್ಜನ ಕಿವಿಗೆ ಬಿತ್ತು. ರಾತ್ರಿ ಮನೆಗೆ ಬಂದು ತಂಗಿಯ ಹತ್ತಿರ ಹೇಳಿದರು. ಅವಳು ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೇ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಅಣ್ಣ, ಆ ವಕೀಲರನ್ನು ಕೇಳಿ" ಅಂದಳು.

ಅರ್ಜಿಗೆ ಕೊಟ್ಟ ಕಾರಣವನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. 1951ರಲ್ಲಿ ತೀರ್ಪಾಯಿತು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ, ಮೂಲೆಯಲ್ಲಿ ಸ್ಟಾಂಪು. ಅವಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ನಾನು 1988ರಲ್ಲಿ ಓದಿ ಹೇಳಿದಾಗ ಪೂರ್ತಿ ಮೊದಲ ಸಲ ಕೇಳಿದ್ದು. ತನ್ನ ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸಲು ಹೇಳಿದಳು. ಹನ್ನೊಂದು ಸಲ ಬಂದಿತ್ತು.

ಊರಿಗೆ ಏನು ಹೇಳುವುದು? ಅಜ್ಜ ಒಂದು ಉಪಾಯ ಮಾಡಿದರು. ಕಾಶಿ. ಕಾಶಿಗೆ ಹೋದವರನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ಬೈಯುವುದೂ ಇಲ್ಲ. ಇಪ್ಪತ್ತಮೂರು ವರ್ಷ ಆ ಕತೆ ಚೆನ್ನಾಗಿ ನಡೆಯಿತು.

1974ರಲ್ಲಿ ಬೊಂಬಾಯಿಯಿಂದ ಊರಿಗೆ ಕಾರ್ಡು ಬಂತು, ಅವನು ತೀರಿಕೊಂಡ ಅಂತ. ಕಾಶಿಯಲ್ಲಿದ್ದವನು ಬೊಂಬಾಯಿಯಲ್ಲಿ ಹೇಗೆ ಸತ್ತ ಅಂತ ಯಾರೂ ಕೇಳಲಿಲ್ಲ, ನೋಡಿ. ಕೇಳಿದ್ದು ಒಂದೇ: ಅವಳು ಸ್ನಾನ ಮಾಡಿದಳಾ, ಕುಂಕುಮ ಅಳಿಸಿದಳಾ? ನನಗಾಗ ಹತ್ತು ವರ್ಷ. ಆ ಬೇಸಿಗೆಯಲ್ಲಿ ನಮ್ಮನೆಯಲ್ಲಿ ಅಣ್ಣನ ಉಪನಯನ. ಮದ್ರಾಸಜ್ಜಿ ರೈಲಿನಿಂದಿಳಿದು ಬಂದಳು. ಹಣೆಯಲ್ಲಿ ಕಾಸಗಲ ಕುಂಕುಮ, ತಲೆಯಲ್ಲಿ ಮಲ್ಲಿಗೆ. ಚಪ್ಪರದ ಕೆಳಗೆ ಹೆಂಗಸರು ಬಾಯಿಗೆ ಸೆರಗು ಹಿಡಿದದ್ದು, ಅಪ್ಪಯ್ಯ ಒಳಗೆ ಹೋಗಿ ಕೂಗಾಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜ ಮಾತಾಡಲಿಲ್ಲ. ಅವಳು ಮಾತ್ರ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಯಾರೋ ಸತ್ತರೆ ನನಗೆ ಎಂತ ಸೂತಕ?" ಊಟದ ಪಂಕ್ತಿಯಲ್ಲಿ ಅವಳನ್ನು ಕೂರಿಸಲಿಲ್ಲ. ಆಮೇಲೆ ಅವಳು ಊರಿಗೆ ಬರುವುದನ್ನೇ ಬಿಟ್ಟಳು. 'ಮದ್ರಾಸಿಗೆ ಹೋಗಿ ತಲೆ ಕೆಟ್ಟವಳು' ಅಂತ ಕತೆಗೆ ಇನ್ನೊಂದು ಸಾಲು ಸೇರಿತು.

ಅವಳ ತಲೆ ಕೆಟ್ಟಿರಲಿಲ್ಲ. ಅವಳ ಹತ್ತಿರ ಕಾಗದವಿತ್ತು. ಕಾಗದದ ಪ್ರಕಾರ ಅವಳು ವಿಧವೆಯಾಗುವುದು ಸಾಧ್ಯವೇ ಇರಲಿಲ್ಲ. ಅದನ್ನು ಚಪ್ಪರದ ಕೆಳಗೆ ಬಿಚ್ಚಿ ತೋರಿಸಬಹುದಿತ್ತು. "ಯಾಕೆ ತೋರಿಸಲಿಲ್ಲ ಅಜ್ಜಿ?" ಅಂದರೆ, "ಅಣ್ಣ ಎದುರಿಗೇ ಕೂತಿದ್ದರಲ್ಲ. ಕಾಶಿ ಅವರು ಹೇಳಿದ ಸುಳ್ಳು. ನಾನು ಹೇಗೆ ಬಯಲು ಮಾಡಲಿ?" ಅಂದಳು. 1998ರಲ್ಲಿ, ಎಪ್ಪತ್ತಾರನೇ ವಯಸ್ಸಿನಲ್ಲಿ, ಕುಂಕುಮ ಇಟ್ಟುಕೊಂಡೇ ಹೋದಳು. ನಾನೇ ಇಟ್ಟೆ.

ಅವಳ ಕಾಯ್ದೆ ಈಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯೇ ಅದನ್ನು ರದ್ದುಮಾಡಿತು. ಜಾತಿಯ ರೂಢಿಯಲ್ಲಿದ್ದ ಬಿಡುಗಡೆಯನ್ನು ಮಾತ್ರ ಹಾಗೇ ಉಳಿಸಿತು. 1976ರ ತಿದ್ದುಪಡಿಯಲ್ಲಿ ಎರಡು ಹೊಸ ಬಾಗಿಲು ತೆರೆದವು. ಒಂದು, ನಮ್ಮ ಹುಡುಗಿ ಹೋದ ಬಾಗಿಲು, ಪರಸ್ಪರ ಒಪ್ಪಿಗೆಯದ್ದು. ಇನ್ನೊಂದನ್ನು ಮದ್ರಾಸಜ್ಜಿಯಂಥವರಿಗೆ ಅಂತಲೇ ಮಾಡಿದ ಹಾಗಿದೆ: ಹದಿನೈದು ತುಂಬುವ ಮೊದಲು ಮದುವೆಯಾದವಳು, ಹದಿನೈದು ತುಂಬಿದ ಮೇಲೆ, ಹದಿನೆಂಟು ತುಂಬುವುದರೊಳಗೆ, ಈ ಮದುವೆ ನನಗೆ ಬೇಡ ಅಂದರೆ ಅದೇ ವಿಚ್ಛೇದನಕ್ಕೆ ಸಾಕಾದ ಕಾರಣ. ಅ ಅಂದರೆ ಆ ಅನ್ನಲು ಬಾರದ ವಯಸ್ಸಿನಲ್ಲಿ, ಮೂರೇ ವರ್ಷದಲ್ಲಿ, ಆ ಹುಡುಗಿ ಕೋರ್ಟಿಗೆ ಹೇಗೆ ಹೋಗುತ್ತಾಳೆ ಅಂತ ನನಗೆ ಅರ್ಥವಾಗುವುದಿಲ್ಲ. 1978ರಲ್ಲಿ ಮದುವೆಯ ವಯಸ್ಸು ಹದಿನೆಂಟು, ಇಪ್ಪತ್ತೊಂದಾಯಿತು. 2006ರ ಹೊಸ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ, ಹದಿನೆಂಟಾದ ಮೇಲೂ ಎರಡು ವರ್ಷದವರೆಗೆ ಅಂಥ ಮದುವೆಯನ್ನು ರದ್ದುಮಾಡಿಸಿಕೊಳ್ಳುವ ಅವಕಾಶ ಬಂತು.

ಒಂದು ತಮಾಷೆ ಹೇಳುತ್ತೇನೆ. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಕನ್ನಡ ಮನೆಗಳು ಬಹಳ. ಅಲ್ಲಿಂದ ಅತ್ತಿಬೆಲೆ ದಾಟಿದರೆ ಕರ್ನಾಟಕ. ತಮಿಳುನಾಡಿನಲ್ಲಿ ಬಾಲ್ಯವಿವಾಹ ತಾನಾಗಿ ರದ್ದಲ್ಲ, ಮಗುವಾಗಿದ್ದವರು ಬೇಡ ಅಂದರೆ ಕೋರ್ಟು ರದ್ದುಮಾಡಬೇಕು. 2011ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠವೂ ಹಾಗೇ ಹೇಳಿತು. ಕರ್ನಾಟಕವಾದರೋ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಮಾಡಿದೆ, ಮದುವೆಯೇ ಆಗಿಲ್ಲ ಅನ್ನುವ ಹಾಗೆ. ಸುಪ್ರೀಂ ಕೋರ್ಟು 2017ರಲ್ಲಿ ಅದನ್ನು ಮೆಚ್ಚಿ, ಉಳಿದ ರಾಜ್ಯಗಳೂ ಹೀಗೆ ಮಾಡಲಿ ಅಂದಿತು. ನಮ್ಮ ಮುತ್ತಜ್ಜ ಈಗ ಇದ್ದಿದ್ದರೆ ಗಾಡಿಯನ್ನು ಉಲ್ಟಾ ದಿಕ್ಕಿಗೆ ಹೊಡೆಯಬೇಕಾಗುತ್ತಿತ್ತು.

ಮುತ್ತಜ್ಜನನ್ನು ಹೀಗೆ ಆಡಿಕೊಳ್ಳುವಾಗ ನನಗೆ ಬೀಚಿನ ಜೋಳ ನೆನಪಾಗುತ್ತದೆ. ಅವನದ್ದು ಒಂಬತ್ತು ವರ್ಷದ ಮಗು, ನಮ್ಮದು ಇಪ್ಪತ್ತೊಂದರ ಪದವೀಧರೆ. ಎರಡೂ ಒಂದೇ ಅಂತ ಹೇಳುವಷ್ಟು ದಡ್ಡಿಯಲ್ಲ ನಾನು. ಇವಳಿಗೆ ಸಂಬಳವಿತ್ತು, ಸೂಟ್‌ಕೇಸು ಹಿಡಿದು ಬರಲು ಚಿಕ್ಕಮ್ಮನ ಮನೆಯಿತ್ತು, ಒಂಬತ್ತು ವರ್ಷದ ಬದಲು ಎರಡು ವರ್ಷದಲ್ಲಿ ಮುಗಿಯಿತು. ಆದರೆ ಹುಡುಗಿ ಏನು ಹೇಳಿದಳು ಅಂತ ಕೇಳಿಸಿಕೊಳ್ಳದೆ ಗಾಡಿ ಕಟ್ಟಿದ್ದು ಅವನೂ, ನಾವೂ.

ಅಕ್ಕ ಮುಂದಿನ ವಾರವೇ ಮಂಗಳೂರಿನ ರೈಲಿನಲ್ಲಿ ಬಂದಳು. ಮಗಳನ್ನು ಊರಿಗೆ ಕರೆದುಕೊಂಡು ಹೋಗಿ, ಯಾರಿಗೂ ಹೇಳದೆ, "ಗಂಡ ಅಮೆರಿಕಕ್ಕೆ ಹೋಗಿದ್ದಾನೆ, ವೀಸಾ ಸಿಕ್ಕಿದ ಮೇಲೆ ಇವಳೂ ಹೋಗುತ್ತಾಳೆ ಅಂತ ಹೇಳುವುದು" ಅಂತ ತೀರ್ಮಾನ ಮಾಡಿಕೊಂಡು ಬಂದಿದ್ದಳು. ಅಮೆರಿಕ. ನನಗೆ ತಡೆಯಲಾಗಲಿಲ್ಲ. ಎದ್ದು ಬೀರು ತೆಗೆದೆ, ಪಾಲಿಸಿಗಳನ್ನು ಬದಿಗಿಟ್ಟು ಕಾಗದವನ್ನು ತಂದು ಅವಳ ತೊಡೆಯ ಮೇಲೆ ಹಾಕಿದೆ. ಜೊತೆಗೆ ಅಜ್ಜನ ಲೆಕ್ಕದ ಪುಸ್ತಕದಿಂದ ಮದ್ರಾಸಜ್ಜಿ ಹರಿದಿಟ್ಟುಕೊಂಡ ಒಂದು ಹಾಳೆ. ಅದರಲ್ಲಿ ಹಾಲು, ಸೌದೆ, ಬೆಲ್ಲದ ಕೆಳಗೆ ಅಜ್ಜನ ಮುದ್ದಾದ ಅಕ್ಷರದಲ್ಲಿ, 'ತಂಗಿ ಬಾಬ್ತು, ಕೋರ್ಟು ಸ್ಟಾಂಪು'.

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದಳು. ಇಂಗ್ಲಿಷು ಅವಳಿಗೆ ನಿಧಾನ.

"ಅಜ್ಜನಿಗೆ ಗೊತ್ತಿತ್ತಾ?"

"ದುಡ್ಡು ಕೊಟ್ಟದ್ದೇ ಅವರಲ್ವಾ? ನೋಡು, ಬರೆದಿದ್ದಾರೆ."

"ಮತ್ತೆ ಕಾಶಿ?"

ನಾನು ಉತ್ತರ ಕೊಡಲಿಲ್ಲ. ಒಳಗಿನಿಂದ ಹುಡುಗಿ ಬಂದು ಅಮ್ಮನ ಪಕ್ಕ ಕೂತು ಕಾಗದಕ್ಕೆ ಕೈ ಚಾಚಿದಳು. ಅಕ್ಕ ಕೊಡಲಿಲ್ಲ. "ಇರು ಮಗಾ, ಇನ್ನೂ ಎರಡನೇ ಪುಟ ಉಂಟು" ಅಂದಳು.